ಗ್ಯಾಸ್ ಬಂತು, ಹೊಗೆ ಹೋಗಲಿಲ್ಲ

ನಮ್ಮ ಮನೆ ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿದೆ. ದಾದಿಗೆ ಎಪ್ಪತ್ತು ದಾಟಿತು. ಫಜ್ರ್ ಅಝಾನಿಗೂ ಮೊದಲೇ ಎದ್ದು ಹಿತ್ತಿಲ ಬಚ್ಚಲಿಗೆ ಹೋಗಿ, ಹಂಡೆಯ ಕೆಳಗಿನ ಒಲೆಗೆ ನೀಲಗಿರಿ ಸೌದೆ ಇಟ್ಟು ಉರಿ ಹಚ್ಚುವವರು ಅವರೇ. ಮನೆಯವರ ವುಝೂಗೆ, ಸ್ನಾನಕ್ಕೆ ನೀರು ಕಾಯಬೇಕಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ನಮಾಝ್ ಮುಗಿಸಿ ಮತ್ತೆ ಅಲ್ಲಿಗೇ ಹೋಗುತ್ತಾರೆ. ಒಲೆಯ ಮುಂದೆ ಮಣೆ ಹಾಕಿಕೊಂಡು, ಬೆಂಕಿ ಕಾಯಿಸುತ್ತಾ, ಬಿಸಿಲು ಏರುವ ತನಕ ತಸ್ಬೀಹ್ ಎಣಿಸುತ್ತಾ ಕೂರುತ್ತಾರೆ. ಮನೆಯಲ್ಲಿ ಬೆಚ್ಚಗಿನ ಜಾಗ ಅದೊಂದೇ ಎಂದು ಅವರ ವಾದ.

ಕಳೆದ ಚಳಿಗಾಲದಲ್ಲಿ ಅವರ ಕೆಮ್ಮು ನಿಲ್ಲಲೇ ಇಲ್ಲ. ಕಫ ಬರುತ್ತಿತ್ತು, ನಾಲ್ಕು ಹೆಜ್ಜೆ ಹಾಕಿದರೆ ದಮ್ಮು ಕಟ್ಟುತ್ತಿತ್ತು. ಕೊನೆಗೆ ಒಬ್ಬ ಶ್ವಾಸಕೋಶದ ಡಾಕ್ಟರರ ಬಳಿ ಕರೆದುಕೊಂಡು ಹೋದೆವು. ಕೊಳವೆಯೊಂದಕ್ಕೆ ಜೋರಾಗಿ ಊದಿಸಿ ಪರೀಕ್ಷೆ ಮಾಡಿದ ಅವರು ಕೇಳಿದ ಮೊದಲ ಪ್ರಶ್ನೆ, "ಅಜ್ಜಿ, ಎಷ್ಟು ವರ್ಷದಿಂದ ಬೀಡಿ ಸೇದ್ತಿದ್ದೀರಿ?"

ದಾದಿಗೆ ಬಂದ ಸಿಟ್ಟು ನೋಡಬೇಕಿತ್ತು. "ತೌಬಾ ತೌಬಾ! ಏನ್ ಮಾತು ಕೇಳ್ತೀರಾ ಡಾಕ್ಟ್ರೇ! ಬೀಡಿ ಮುಟ್ಟಿದ ಕೈಯಲ್ಲ ಇದು."

"ಹಾಗಾದ್ರೆ ಹೊಗೆ?"

ನಾವು ನಡುವೆ ಬಾಯಿ ಹಾಕಿ, ಮನೆಯಲ್ಲಿ ಗ್ಯಾಸ್ ಇದೆ, ಬಂದು ಹನ್ನೆರಡು ವರ್ಷವಾಯಿತು ಎಂದೆವು. ಡಾಕ್ಟರ್ ತಲೆ ಎತ್ತಿ ನೋಡಿದರು. "ಗ್ಯಾಸ್ ಇದೆಯಾ ಅಂತ ನಾನು ಕೇಳ್ಲಿಲ್ಲ. ಮನೆಯಲ್ಲಿ ಹೊಗೆ ಎಲ್ಲೆಲ್ಲಿ ಏಳುತ್ತೆ, ಅದರ ಹತ್ತಿರ ಯಾರು ಎಷ್ಟು ಹೊತ್ತು ಇರ್ತಾರೆ, ಅದನ್ನ ಹೇಳಿ."

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆವು. ಆ ಲೆಕ್ಕ, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಓದಿ ಕೇಳಿ ತಿಳಿದ ಸಂಗತಿಗಳು ಈ ಬರಹದಲ್ಲಿವೆ. ಬಾಯಿಗೆ ಹೋಗುವುದನ್ನು ಹಲಾಲ್ ನೋಡಿ, ಶುಚಿ ನೋಡಿ ತಿನ್ನುವವರು ನಾವು. ಮೂಗಿಗೆ ಹೋಗುವುದನ್ನು ಯಾರೂ ನೋಡುವುದಿಲ್ಲ. ದಿನಕ್ಕೆ ಒಬ್ಬ ಮನುಷ್ಯ ತಿನ್ನುವುದು ಒಂದೆರಡು ಕೆಜಿ. ಉಸಿರಾಡುವ ಗಾಳಿ 10 ಸಾವಿರ ಲೀಟರಿಗೂ ಹೆಚ್ಚು.

ಕಣ್ಣಿಗೆ ಕಾಣದ ಪುಡಿ

ಹೊಗೆ ಎಂದರೆ ಬರೀ ಗಾಳಿಯಲ್ಲ. ಸರಿಯಾಗಿ ಉರಿಯದೆ ಉಳಿದ ಸೌದೆ, ಎಣ್ಣೆ, ಅಂಟುಗಳ ಅತಿ ಸಣ್ಣ ಪುಡಿ ಅದರಲ್ಲಿ ತೇಲುತ್ತಿರುತ್ತದೆ. ವಿಜ್ಞಾನಿಗಳು ಇದನ್ನು ಗಾತ್ರದ ಮೇಲೆ ಭಾಗ ಮಾಡುತ್ತಾರೆ. 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ಪಿಎಂ 2.5 ಎನ್ನುತ್ತಾರೆ. ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು ಅದು. ಕೋಲಾರದ ಬಯಲಿನ ಕೆಂಪು ಧೂಳು, ಕಸ ಗುಡಿಸುವಾಗ ಏಳುವ ದೂಳು, ರಾಗಿ ಕೇರುವಾಗಿನ ಹೊಟ್ಟು, ಇವೆಲ್ಲ ಬಹುಪಾಲು ಅದಕ್ಕಿಂತ ದಪ್ಪ. ಮೂಗಿನ ಕೂದಲಲ್ಲಿ, ಗಂಟಲಲ್ಲಿ ಸಿಕ್ಕಿ ಸೀನಾಗಿ ಕಫವಾಗಿ ಹೊರಗೆ ಬರುತ್ತವೆ. ಹೊಗೆಯ ಕಣ ಹಾಗಲ್ಲ. ಮೂಗು, ಗಂಟಲು ದಾಟಿ ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಇಳಿಯುತ್ತದೆ. ಅತಿ ಸಣ್ಣವು ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ಹೊಗೆಯಿಂದ ಬರುವುದು ಕೆಮ್ಮು ದಮ್ಮು ಮಾತ್ರವಲ್ಲ, ಹೃದಯದ ಕಾಯಿಲೆ, ಪಾರ್ಶ್ವವಾಯುವೂ ಹೌದು ಎಂದು ವೈದ್ಯರು ಹೇಳುವುದು ಇದಕ್ಕೇ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇನ್ನೊಂದು ಗುಣವಿದೆ. ಇಂಥ ಕಣ ಬೇಗ ನೆಲಕ್ಕೆ ಬೀಳುವುದಿಲ್ಲ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಹೊಗೆ ಕಣ್ಣಿಗೆ ಕಾಣುತ್ತಿಲ್ಲ, ಕಣ್ಣು ಉರಿಯುತ್ತಿಲ್ಲ ಎಂದ ಮಾತ್ರಕ್ಕೆ ಗಾಳಿ ಶುದ್ಧವಾಯಿತು ಎಂದಲ್ಲ. ದುಪಟ್ಟಾ ಮೂಗಿಗೆ ಅಡ್ಡ ಹಿಡಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಬಟ್ಟೆಯ ಎಳೆಗಳ ನಡುವಿನ ಸಂದು ಈ ಕಣಗಳಿಗೆ ಹೆಬ್ಬಾಗಿಲು.

ಹೊಗೆ ಎಷ್ಟು ಎನ್ನುವುದಲ್ಲ, ಹತ್ತಿರ ಯಾರು ಎನ್ನುವುದು

ಡಾಕ್ಟರ್ ಕೇಳಿದ ಪ್ರಶ್ನೆಯ ಒಳಗುಟ್ಟು ಇಲ್ಲಿದೆ. ಹೆದ್ದಾರಿಯಲ್ಲಿ ಲಾರಿ ಬಿಡುವ ಹೊಗೆ ನಮ್ಮ ಒಲೆಯ ಹೊಗೆಗಿಂತ ಎಷ್ಟೋ ಹೆಚ್ಚು. ಆದರೆ ಅದು ಬಯಲಿನಲ್ಲಿ ಹರಡಿ ತೆಳುವಾಗುತ್ತದೆ. ಒಲೆಯ ಹೊಗೆ ಏಳುವುದು ಊದುಗೊಳವೆ ಹಿಡಿದು ಬಗ್ಗಿದವರ ಮುಖದ ಒಂದಡಿ ದೂರದಲ್ಲಿ. ಹೊರಗೆ ಬಿಟ್ಟ ಹೊಗೆಗಿಂತ ಮನೆಯೊಳಗೆ ಬಿಟ್ಟ ಹೊಗೆ ಮನುಷ್ಯರ ಉಸಿರಿಗೆ ಸೇರುವ ಸಾಧ್ಯತೆ ಸುಮಾರು ಸಾವಿರ ಪಟ್ಟು ಹೆಚ್ಚು ಎಂದು ಲೆಕ್ಕ ಕೊಟ್ಟವರು ಅಮೆರಿಕದ ವಿಜ್ಞಾನಿ ಕರ್ಕ್ ಸ್ಮಿತ್. ಅವರು ಇದನ್ನು ಕುರ್ಚಿಯಲ್ಲಿ ಕೂತು ಹೇಳಿದ್ದಲ್ಲ. 1981ರಲ್ಲಿ ಭಾರತದ ಸಂಗಡಿಗರ ಜೊತೆ ಗುಜರಾತಿನ ಹಳ್ಳಿಗಳಿಗೆ ಹೋಗಿ, ಅಡುಗೆ ಮಾಡುವ ಹೆಂಗಸರ ಮೈಗೇ ಸಣ್ಣ ಪಂಪು, ಸೋಸುಹಾಳೆ ಕಟ್ಟಿ, ಅವರು ನಿಜಕ್ಕೂ ಉಸಿರಾಡುವ ಗಾಳಿಯನ್ನು ಅಳೆದರು. ಅಡುಗೆಯ ಹೊತ್ತಿನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಒಟ್ಟು ಸುಮಾರು 7 ಮಿಲಿಗ್ರಾಂ ಕಣ ಸಿಕ್ಕಿತು. ಅಂದರೆ 7,000 ಮೈಕ್ರೊಗ್ರಾಂ. ಅದರಲ್ಲಿ ಸಣ್ಣದು ದಪ್ಪದು ಎರಡೂ ಸೇರಿದ್ದವು, ನಿಜ. ಆದರೂ ಹೋಲಿಸಿ ನೋಡಿ. ದಿನವೊಂದಕ್ಕೆ ಪಿಎಂ 2.5 ಸರಾಸರಿ 60 ಮೈಕ್ರೊಗ್ರಾಂ ಮೀರಬಾರದು ಎಂದು ನಮ್ಮ ದೇಶ 2009ರಲ್ಲಿ ಮಿತಿ ಹಾಕಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15.

ಅದಕ್ಕೂ ಮೊದಲು ಹೊಗೆ ಮಾಲಿನ್ಯ ಎಂದರೆ ಕಾರ್ಖಾನೆಯ ಚಿಮಣಿ, ನಗರದ ರಸ್ತೆ ಎಂದೇ ಜಗತ್ತು ನಂಬಿತ್ತು. ಹಳ್ಳಿಯ ಅಡುಗೆಮನೆಯಲ್ಲಿ ಅದಕ್ಕಿಂತ ಕೆಟ್ಟ ಗಾಳಿ ಇದೆ ಎಂದು ಅಳೆದು ನೋಡಿದವರು ತೀರಾ ಕಮ್ಮಿ. ಅಳೆಯುವ ಅಧಿಕಾರ ಇದ್ದವರು ಅಡುಗೆಮನೆಗೆ ಹೋಗುತ್ತಿರಲಿಲ್ಲ ಎನ್ನುವುದೂ ಒಂದು ಕಾರಣವಿರಬೇಕು.

ಉದಾಹರಣೆಗೆ ಒಂದು ಲೆಕ್ಕ. ಒಬ್ಬ ಹೆಣ್ಣುಮಗಳು ದಿನಕ್ಕೆ 3 ಗಂಟೆ 600 ಮೈಕ್ರೊಗ್ರಾಂ ಗಾಳಿಯಲ್ಲಿ, ಉಳಿದ 21 ಗಂಟೆ 40 ಮೈಕ್ರೊಗ್ರಾಂ ಗಾಳಿಯಲ್ಲಿ ಇದ್ದಾರೆ ಎನ್ನಿ. ದಿನದ ಸರಾಸರಿ 110 ಆಯಿತು. ಅದೇ ಮನೆಯ ಗಂಡಸು ಆ ಮೂರು ಗಂಟೆ ಅಂಗಡಿಯಲ್ಲೋ, ಮಂಡಿಯಲ್ಲೋ, ಮಸೀದಿಯ ಜಗುಲಿಯಲ್ಲೋ ಇದ್ದರೆ ಅವರಿಗೆ 40. ಒಂದೇ ಸೂರು, ಒಂದೇ ಒಲೆ, ಆದರೆ ಉಸಿರು ಬೇರೆ. ಬೇರೆ ಒಲೆಗೆ ದುಡ್ಡು ಹಾಕುವ ತೀರ್ಮಾನ ಮಾತ್ರ ಸಾಮಾನ್ಯವಾಗಿ 40ರವರ ಕೈಯಲ್ಲಿರುತ್ತದೆ. ಇದನ್ನು ಓದುತ್ತಿರುವ ಗಂಡಸರು ಬೇಸರಪಟ್ಟುಕೊಳ್ಳಬಾರದು, ನಮ್ಮ ಮನೆಯಲ್ಲೂ ಹಾಗೇ ಇತ್ತು.

ವರ್ಷಗಳ ಲೆಕ್ಕವನ್ನು ನಮ್ಮ ರಾಜ್ಯದಲ್ಲೇ ಮಾಡಿದ್ದಾರೆ. ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಅಳತೆಗೋಲು ಸರಳ. ದಿನಕ್ಕೆ ಎಷ್ಟು ಗಂಟೆ ಸೌದೆ ಬೆರಣಿಯ ಒಲೆಯ ಮುಂದೆ ಅಡುಗೆ ಮಾಡುತ್ತೀರಿ, ಎಷ್ಟು ವರ್ಷ ಮಾಡಿದ್ದೀರಿ, ಎರಡನ್ನೂ ಗುಣಿಸಿ. ಆ ಸಂಖ್ಯೆ 60 ಮುಟ್ಟಿದರೆ ಬಿಡದ ಕಫ, ಕೆಮ್ಮಿನ ಕಾಯಿಲೆ ಬರುವ ಅಪಾಯ ಸ್ಪಷ್ಟವಾಗಿ ಏರುತ್ತದೆ ಎಂದು ಅವರು ಕಂಡರು. ವರ್ಷಕ್ಕೆ ಮೂರು ತಿಂಗಳಂತೆ ಸತತ ಎರಡು ವರ್ಷ ಕಫದ ಕೆಮ್ಮಿದ್ದರೆ ವೈದ್ಯರು ಅದನ್ನು ಈ ಕಾಯಿಲೆ ಎನ್ನುತ್ತಾರೆ.

ಹದಿನೈದನೇ ವಯಸ್ಸಿಗೆ ಒಲೆಯ ಮುಂದೆ ಕೂತ ಹುಡುಗಿ ದಿನಕ್ಕೆ 3 ಗಂಟೆಯಂತೆ ಮಾಡಿದರೆ ಮೂವತ್ತೈದಕ್ಕೆ 60 ಮುಗಿಯಿತು. ನಮ್ಮ ದಾದಿಯ ಲೆಕ್ಕ ಕೇಳಿದೆವು. ಮದುವೆಯಾಗಿ ಬಂದಾಗ ಹದಿನೇಳು ಇರಬೇಕು ಎಂದರು. ಅವಿಭಕ್ತ ಕುಟುಂಬ, ದಿನಕ್ಕೆ ನಾಲ್ಕು ಗಂಟೆಗೆ ಕಮ್ಮಿಯಿಲ್ಲ. ಗ್ಯಾಸ್ ಬರುವ ತನಕದ ವರ್ಷಗಳನ್ನು ಗುಣಿಸಿದರೆ 160 ದಾಟಿತು. ಆಮೇಲಿನ ಬಚ್ಚಲೊಲೆಯನ್ನು ಇದಕ್ಕೆ ಸೇರಿಸಿಯೇ ಇಲ್ಲ. ಡಾಕ್ಟರ್ ಬೀಡಿಯ ಬಗ್ಗೆ ಕೇಳಿದ್ದು ಯಾಕೆಂದು ಆಗ ಅರ್ಥವಾಯಿತು. ಶ್ವಾಸಕೋಶ ನೋಡಿದರೆ ಬೀಡಿಯ ಹೊಗೆಯೋ ಸೌದೆಯ ಹೊಗೆಯೋ ಎಂದು ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ.

ಮನೆಯಲ್ಲಿ ಎಣಿಸಿದ್ದು

ಅಡುಗೆಮನೆಗೆ ಗ್ಯಾಸ್ ಬಂದ ದಿನವೇ ಹೊಗೆ ಹೋಯಿತು ಎಂದುಕೊಂಡಿದ್ದೆವು. ಎಣಿಸಲು ಕೂತಾಗ ಬೆರಳು ಸಾಲಲಿಲ್ಲ.

ಮೊದಲನೆಯದು ಬಚ್ಚಲೊಲೆ. ನಮ್ಮ ಕಡೆ ಸೌದೆಗೆ ದುಡ್ಡು ಕೊಡಬೇಕಾದ ಪ್ರಮೇಯ ಕಮ್ಮಿ. ನೀಲಗಿರಿ ತೋಪು ಕಡಿದಾಗ ರೆಂಬೆ ಸಿಗುತ್ತದೆ, ಶ್ರೀನಿವಾಸಪುರದ ಕಡೆ ಮಾವು ಸವರಿದಾಗ ಗಾಡಿಗಟ್ಟಲೆ ಬರುತ್ತದೆ, ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯ ರಾಶಿ ಇರುತ್ತದೆ. ಸುಮ್ಮನೆ ಸಿಗುವಾಗ ಗ್ಯಾಸ್ ಯಾಕೆ ಸುಡಬೇಕು ಎನ್ನುವುದು ನ್ಯಾಯವಾದ ಮಾತೇ. ಆದರೆ ಹಸಿ ಕಡ್ಡಿ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಬೆಂಕಿಯ ಶಾಖ ಕಡ್ಡಿಯ ನೀರು ಆರಿಸುವುದರಲ್ಲೇ ಖರ್ಚಾಗಿ, ಉರಿ ತಣ್ಣಗಾಗಿ, ಅರೆ ಸುಟ್ಟದ್ದೆಲ್ಲ ಹೊಗೆಯಾಗಿ ಏಳುತ್ತದೆ. ಬೆರಣಿ ಅದಕ್ಕಿಂತ ಕೆಟ್ಟದ್ದು.

ಅದನ್ನು ಹಚ್ಚುವ ಬಗೆ ಇನ್ನೊಂದು. ಖಾಲಿ ಹಾಲಿನ ಪ್ಯಾಕೆಟ್ಟು, ಪ್ಲಾಸ್ಟಿಕ್ ಚೀಲ, ಹಳೆಯ ಸೈಕಲ್ ಟ್ಯೂಬಿನ ತುಂಡು. ಒಂದು ಕಡ್ಡಿ ಗೀರಿದರೆ ಸಾಕು, ಭಗ್ಗೆನ್ನುತ್ತದೆ. ನಮ್ಮ ಬಚ್ಚಲ ಗೂಡಿನಲ್ಲೂ ಇದಕ್ಕೆಂದೇ ಒಂದು ಕಟ್ಟು ಇತ್ತು. ಪ್ಲಾಸ್ಟಿಕ್, ರಬ್ಬರಿನ ಹೊಗೆಯಲ್ಲಿ ಸೌದೆಯ ಹೊಗೆಯಲ್ಲಿರುವುದರ ಜೊತೆಗೆ ಬೇರೆ ವಿಷಗಳೂ ಇರುತ್ತವೆ. ಅದನ್ನು ಅವತ್ತೇ ಎಸೆದೆವು. ತೆಂಗಿನ ನಾರು, ಒಣ ಗರಿ ಸಾಕು.

ಎರಡನೆಯದು ಸೊಳ್ಳೆ ಬತ್ತಿ. ರಾತ್ರಿ ಇಶಾ ಆದ ಮೇಲೆ ಹಚ್ಚಿ, ಬಾಗಿಲು ಕಿಟಕಿ ಭದ್ರ ಮಾಡಿ ಮಲಗುವುದು. ಒಂದು ಸುರುಳಿ ಪೂರ್ತಿ ಉರಿದರೆ ಬಿಡುವ ಸಣ್ಣ ಕಣ 75ರಿಂದ 137 ಸಿಗರೇಟು ಬಿಡುವುದಕ್ಕೆ ಸಮ ಎಂದು 2003ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳಿತು. ಚೀನಾ ಮತ್ತು ಮಲೇಷ್ಯಾದಲ್ಲಿ ಮಾರುವ ಬತ್ತಿಗಳನ್ನು ಸುಟ್ಟು ನೋಡಿ ಹೇಳಿದ್ದು ಅದು. ಮನೆಯಲ್ಲಿ ಒಬ್ಬರು ಬೀಡಿ ಸೇದಿದರೆ ಮಕ್ಕಳಿಗೆ ಕೆಡುಕು ಎಂದು ಬೈಯುವ ನಾವು, ಅದೇ ಮಕ್ಕಳ ತಲೆದಿಂಬಿನ ಪಕ್ಕ ಬತ್ತಿ ಹಚ್ಚಿಟ್ಟು ಎಂಟು ಗಂಟೆ ಮಲಗಿಸುತ್ತೇವೆ. ಹಾಗೆಂದು ಸೊಳ್ಳೆ ಕಚ್ಚಿಸಿಕೊಳ್ಳಿ ಎನ್ನುವಂತಿಲ್ಲ, ಡೆಂಗಿ ಸಣ್ಣ ಕಾಯಿಲೆಯಲ್ಲ. ಸೊಳ್ಳೆ ಪರದೆ ಕಟ್ಟಬೇಕು, ಕಿಟಕಿಗೆ ಜಾಲರಿ ಹೊಡೆಸಬೇಕು.

ಮೂರನೆಯದನ್ನು ಬರೆಯಲು ಸ್ವಲ್ಪ ಅಳುಕು. ಗುರುವಾರ ಮಗ್ರಿಬ್ ಆದ ಮೇಲೆ ಹಲವು ಮನೆಗಳಲ್ಲಿ ಕೆಂಡಕ್ಕೆ ಲೋಬಾನ್ ಹಾಕಿ ಕೋಣೆ ಕೋಣೆಗೂ ಹೊಗೆ ಹಿಡಿಯುವ ರೂಢಿ ಇದೆ. ಫಾತಿಹಾ ಓದಿಸುವ ದಿನ ಊದುಬತ್ತಿಯ ಕಟ್ಟೇ ಉರಿಯುತ್ತದೆ. ಸುಗಂಧ ಪ್ರವಾದಿಯವರಿಗೆ(ಸ) ಪ್ರಿಯವಾಗಿತ್ತು ಎಂಬುದು ಎಲ್ಲರಿಗೂ ಗೊತ್ತು. ಊದ್ ಸುಡುತ್ತಿದ್ದ ವರದಿಗಳೂ ಇವೆ. ನಾವು ಇಲ್ಲಿ ಫತ್ವಾ ಕೊಡಲು ಕೂತಿಲ್ಲ, ಅದು ಆಲಿಮರ ಕೆಲಸ. ಹೇಳುವುದಿಷ್ಟೇ, ಪರಿಮಳ ಬೇರೆ, ಹೊಗೆ ಬೇರೆ. ಅತ್ತರಿನ ಒಂದು ಹನಿಯಲ್ಲಿ ಪರಿಮಳವಿದೆ, ಹೊಗೆಯಿಲ್ಲ. ಒಂದು ಗ್ರಾಂ ಊದುಬತ್ತಿ ಸುಟ್ಟರೆ ಸುಮಾರು 45 ಮಿಲಿಗ್ರಾಂ ಕಣ, ಒಂದು ಗ್ರಾಂ ಸಿಗರೇಟು ಸುಟ್ಟರೆ ಸುಮಾರು 10 ಎಂಬ ಅಳತೆ ವಿಜ್ಞಾನ ಪತ್ರಿಕೆಗಳಲ್ಲಿದೆ. ಲೋಬಾನ್ ಹಾಕಲೇಬೇಕು ಎನ್ನುವವರು ಕಿಟಕಿ ಬಾಗಿಲು ತೆರೆದು, ಮಕ್ಕಳು, ದಮ್ಮಿನವರು ಹೊರಗಿರುವಾಗ ಹಾಕಬಹುದು.

ಗ್ಯಾಸ್ ಒಲೆಯೂ ಪೂರ್ತಿ ನಿರ್ದೋಷಿಯಲ್ಲ. ಗ್ಯಾಸ್ ಉರಿ ಸ್ವಚ್ಛ, ಆದರೆ ಅದರ ಮೇಲಿನ ಬಾಣಲೆ ಹಾಗಲ್ಲ. ಎಣ್ಣೆ ಹೊಗೆಯಾಡುವಷ್ಟು ಕಾದರೆ, ಬಗಾರಿನ ಈರುಳ್ಳಿ ಕರಕಲಾದರೆ, ಒಣಮೆಣಸಿನಕಾಯಿ ಒಗ್ಗರಣೆಗೆ ಮನೆಯವರೆಲ್ಲ ಕೆಮ್ಮಿದರೆ, ಅದೆಲ್ಲ ಕಣವೇ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಪ್ರಯೋಗದ ಮನೆಯೊಂದರಲ್ಲಿ 2018ರಲ್ಲಿ ವಿಜ್ಞಾನಿಗಳು ಹಬ್ಬದ ಅಡುಗೆ ಮಾಡಿ ಅಳೆದರು. ಅಡುಗೆ ನಡೆದ ಹೊತ್ತಿನಲ್ಲಿ ಮನೆಯೊಳಗಿನ ಗಾಳಿ ಜಗತ್ತಿನ ಅತಿ ಕೊಳಕು ನಗರಗಳ ಗಾಳಿಯ ಮಟ್ಟಕ್ಕೆ ಹೋಯಿತು. ರಮಝಾನಿನಲ್ಲಿ ಅಸರ್ ನಮಾಝಿನಿಂದ ಇಫ್ತಾರಿನ ತನಕ ಸಮೋಸ, ಬಜ್ಜಿ, ಕಬಾಬು ಕರಿಯುವ ನಮ್ಮ ಅಡುಗೆಮನೆಗಳನ್ನು ಯಾರೂ ಅಳೆದಿಲ್ಲ. ಉಪವಾಸವಿದ್ದು, ನೀರೂ ಕುಡಿಯದೆ, ಬಾಣಲೆಯ ಮುಂದೆ ಎರಡು ಗಂಟೆ ನಿಲ್ಲುವವರು ಯಾರೆಂದು ಹೇಳಬೇಕಿಲ್ಲ. ಹೊರಗೆ ಗಾಳಿ ನೂಕುವ ಒಂದು ಫ್ಯಾನು ಅಲ್ಲಿ ದೊಡ್ಡ ಉಪಕಾರ.

ಮನೆಯಲ್ಲೇ ರೇಷ್ಮೆ ನೂಲು ತೆಗೆಯುವವರ ಪಾಡು ಇನ್ನೂ ಕಠಿಣ. ಶಿಡ್ಲಘಟ್ಟದಂಥ ಊರುಗಳಲ್ಲಿ ಈ ಕಸುಬಿನಲ್ಲಿರುವವರು ಬಹುಪಾಲು ನಮ್ಮವರೇ. ಗೂಡು ಬೇಯಿಸುವ ಒಲೆ, ಆವಿ, ಹುಳುವಿನ ಪುಡಿ ಎಲ್ಲ ಒಂದೇ ಸೂರಿನಡಿ. ಕರ್ನಾಟಕದ ರೇಷ್ಮೆ ಕಾರ್ಖಾನೆಗಳ ಕೆಲಸಗಾರರಲ್ಲಿ ಅಸ್ತಮಾ ಹೆಚ್ಚಾಗಿ ಕಂಡದ್ದನ್ನು 1980ರ ದಶಕದಲ್ಲೇ ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ. ಅದೇ ಒಂದು ಪ್ರತ್ಯೇಕ ಲೇಖನದ ವಿಷಯ.

ಚಿಲ್ಲಾದ ಕೋಣೆ

ಎಲ್ಲಕ್ಕಿಂತ ನಮ್ಮನ್ನು ಬೆಚ್ಚಿಬೀಳಿಸಿದ್ದು ಬಾಣಂತಿ ಕೋಣೆ. ನಮ್ಮ ಮನೆಯ ಸೊಸೆಗೆ ಆಗ ದಿನ ತುಂಬುತ್ತಿತ್ತು. ಹೆರಿಗೆಯಾದ ಮೇಲೆ ನಲವತ್ತು ದಿನ ತಾಯಿ ಮಗುವನ್ನು ಒಳಕೋಣೆಯಲ್ಲಿ ಇಡುವುದು, ಶೀತ ಆಗದಂತೆ ಕಿಟಕಿ ಸಂದಿಗೂ ಬಟ್ಟೆ ತುರುಕುವುದು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು, ಸ್ನಾನವಾದ ಮೇಲೆ ಮಗುವಿನ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು ಆರಿಸುವುದು, ಇದು ಜಾತಿ ಮತ ಬೇಧವಿಲ್ಲದೆ ನಮ್ಮ ಸೀಮೆಯಲ್ಲೆಲ್ಲ ನಡೆದುಬಂದದ್ದು. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಅನುಮಾನವಿಲ್ಲ.

ಆದರೆ ಆ ಕೂಸಿನ ಕಡೆಯಿಂದ ನೋಡಿ. ದೊಡ್ಡವರು ನಿಮಿಷಕ್ಕೆ ಹದಿನೈದು ಸಲ ಉಸಿರಾಡಿದರೆ ಹಸುಗೂಸು ನಲವತ್ತು ಸಲ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿ, ಹೆಚ್ಚು ಹೊಗೆ ಅದರೊಳಗೆ ಹೋಗುತ್ತದೆ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಮನೆಯೊಳಗಿನ ಹೊಗೆಗೆ ಸಿಕ್ಕ ಮಕ್ಕಳಿಗೆ ನ್ಯುಮೋನಿಯಾದಂಥ ಎದೆಯ ಸೋಂಕಿನ ಅಪಾಯ ಹತ್ತಿರಹತ್ತಿರ ಎರಡು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಂಡಕ್ಕೆ ಇನ್ನೊಂದು ಕೇಡೂ ಇದೆ. ಮುಚ್ಚಿದ ಕೋಣೆಯಲ್ಲಿ ಕೆಂಡ ನಿಗಿನಿಗಿ ಉರಿಯುವಾಗ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಮಲಗುವ ಮುನ್ನ ಬೆಂಕಿ ಆರಿಸಬೇಕೆಂದು ಪ್ರವಾದಿಯವರು(ಸ) ಬೋಧಿಸಿದ ವರದಿ ಹದೀಸಿನಲ್ಲಿದೆ. ಅದು ಮನೆ ಸುಡದಿರಲೆಂದು ಹೇಳಿದ ಮಾತು. ಅಗ್ಗಿಷ್ಟಿಕೆ ಇಟ್ಟು ಮಲಗುವ ಮನೆಗೂ ಅದು ಸಲ್ಲುತ್ತದೆ ಎಂದು ನಮಗೆ ತೋರಿತು.

ದಾದಿ ಮಾತ್ರ ಒಪ್ಪಲಿಲ್ಲ. "ಏಳು ಮಕ್ಕಳು ಹೆತ್ತಿದ್ದೀನಿ, ಎಲ್ರಿಗೂ ಹೊಗೆ ಹಿಡಿದಿದ್ದೀನಿ. ನೀವೆಲ್ಲ ಸತ್ರಾ?" ಇದಕ್ಕೆ ಏನು ಹೇಳುವುದು? ಏಳರಲ್ಲಿ ಎರಡು ಕೂಸು ವರ್ಷ ತುಂಬುವ ಮೊದಲೇ ಎದೆ ಕಟ್ಟಿ ಹೋದವು ಎಂದು ನಮಗೆ ಗೊತ್ತಿತ್ತು. ಅದು ಹೊಗೆಯಿಂದಲೇ ಎಂದು ಹೇಳಲು ನಾವು ಯಾರು? ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, "ಬಿಸಿಲಲ್ಲಿ ಆರಿಸಿ, ಆದ್ರೆ ತಲೆಗೆ ಟೋಪಿ ಹಾಕಿ" ಎಂದರು.

ಕಿಟಕಿ ಯಾಕೆ ಮುಚ್ಚಿತ್ತು

ಗಾಳಿ ಆಡಲಿ, ಕಿಟಕಿ ತೆಗೆಯಿರಿ ಎಂದು ಹೇಳುವುದು ಸುಲಭ. ನಮ್ಮ ಓಣಿಯ ಅಡುಗೆಮನೆಗಳ ಕಿಟಕಿ ಮುಚ್ಚಿರುವುದಕ್ಕೆ ಕಾರಣವಿದೆ. ಕಿಟಕಿ ತೆಗೆದರೆ ಬೀದಿ, ಹೋಗಿ ಬರುವವರ ಕಣ್ಣು. ಪರ್ದಾ ಪಾಲಿಸುವ ಹೆಣ್ಣುಮಕ್ಕಳು ಒಳಗೆ ನಿರಾಳವಾಗಿ ಕೆಲಸ ಮಾಡಲೆಂದೇ ಕಿಟಕಿಗೆ ಹಲಗೆ ಹೊಡೆದಿರುತ್ತೇವೆ. ಮರೆ ಸಿಕ್ಕಿತು, ಜೊತೆಗೆ ಹೊಗೆಯೂ ಉಳಿಯಿತು.

ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಿಲ್ಲ. ಬಿಸಿ ಹೊಗೆ ಮೇಲಕ್ಕೇ ಏರುತ್ತದೆ. ಅದಕ್ಕೆ ಬೇಕಾದ ದಾರಿ ಇರಬೇಕಾದ್ದು ಸೂರಿನ ಹತ್ತಿರ, ಆಳೆತ್ತರಕ್ಕಿಂತ ಮೇಲೆ. ಅಲ್ಲಿ ಜಾಲಿ ಇಟ್ಟಿಗೆ ಕೂರಿಸಿದರೆ ಬೀದಿಯ ಕಣ್ಣಿಗೆ ಏನೂ ಕಾಣುವುದಿಲ್ಲ. ಎದುರು ಗೋಡೆಯಲ್ಲಿ, ಹಿತ್ತಿಲ ಕಡೆಗೆ ಕೆಳಗೊಂದು ಗಾಳಿ ಬರುವ ದಾರಿ ಬೇಕು. ಒಂದೇ ತೂತಿದ್ದರೆ ಗಾಳಿ ಆಡುವುದಿಲ್ಲ, ಒಳಗೆ ಬಂದಷ್ಟೇ ಹೊರಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಗಾರೆಯವರಿಗೆ ಇದು ಅರ್ಧ ದಿನದ ಕೆಲಸವಾಯಿತು. ಇಷ್ಟು ವರ್ಷ ಇದು ನಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಸೌದೆ ಬಿಡಲಾಗದ ಮನೆಗೆ ಹೊಗೆ ಕೊಳವೆಯಿರುವ ಒಲೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರ ರೂಪಿಸಿದ ಅಸ್ತ್ರ ಒಲೆ 1980ರ ದಶಕದಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಹೋಯಿತು. ಮಣ್ಣಿನದೇ ಒಲೆ, ಮೂರು ಪಾತ್ರೆ ಕೂರುತ್ತದೆ, ಹೊಗೆ ಕೊಳವೆಯಿಂದ ಸೂರಿನ ಮೇಲೆ ಹೋಗುತ್ತದೆ, ಸೌದೆಯೂ ಉಳಿಯುತ್ತದೆ. ಹಿರಿಯರಿಗೆ ನೆನಪಿರಬಹುದು. ಇಂಥ ಒಲೆಗಳು ಆಮೇಲೆ ಹಿಂದೆ ಬಿದ್ದದ್ದಕ್ಕೆ ಒಲೆಯಷ್ಟೇ ಕಾರಣವಲ್ಲ. ಕೊಳವೆಯೊಳಗಿನ ಮಸಿ ತೆಗೆಯದಿದ್ದರೆ ಅದು ಕಟ್ಟಿ ಹೊಗೆ ಒಳಗೇ ತಿರುಗುತ್ತದೆ. ದಪ್ಪ ಸೌದೆ ತೂರಲೆಂದು ಬಾಯಿ ಒಡೆದು ದೊಡ್ಡದು ಮಾಡಿದರೆ ಒಲೆಯ ಲೆಕ್ಕವೇ ತಪ್ಪುತ್ತದೆ. ಕೊಪ್ಪಳ ಜಿಲ್ಲೆಯಲ್ಲಿ ಸುಧಾರಿತ ಒಲೆ ಹಂಚಿದ ಯೋಜನೆಯೊಂದನ್ನು ಅಳೆದ ಸಂಶೋಧಕರು 2016ರಲ್ಲಿ ವರದಿ ಮಾಡಿದ್ದೂ ಇಂಥದ್ದೇ. ಹಲವು ಮನೆಗಳಲ್ಲಿ ಹೊಸ ಒಲೆಯ ಪಕ್ಕದಲ್ಲೇ ಹಳೆಯದೂ ಉರಿಯುತ್ತಿತ್ತು, ಗಾಳಿ ನಿರೀಕ್ಷಿಸಿದಷ್ಟು ಸುಧಾರಿಸಿರಲಿಲ್ಲ.

ಗ್ಯಾಸಿನ ಕಥೆಯೂ ಹಾಗೇ. 2016ರ ಮೇ 1ರಂದು ಶುರುವಾದ ಉಜ್ವಲ ಯೋಜನೆಯಿಂದ ಕೋಟಿಗಟ್ಟಲೆ ಬಡಮನೆಗಳಿಗೆ ಸಿಲಿಂಡರ್ ಬಂದದ್ದು ಸಣ್ಣ ಕೆಲಸವಲ್ಲ. ಆದರೆ ಆ ಮನೆಗಳು 2019-20ರಲ್ಲಿ ಸರಾಸರಿ ವರ್ಷಕ್ಕೆ ಮೂರು, 2023-24ರಲ್ಲಿ ಸುಮಾರು ನಾಲ್ಕು ಸಿಲಿಂಡರ್ ಮಾತ್ರ ತುಂಬಿಸಿಕೊಂಡವು. ಐದಾರು ಜನರ ಮನೆಗೆ ಅಷ್ಟರಲ್ಲಿ ಅಡುಗೆ ಸಾಗುವುದಿಲ್ಲ. ಉಳಿದದ್ದು ಸೌದೆಯ ಮೇಲೇ ಬೇಯುತ್ತಿದೆ ಎಂದರ್ಥ.

ಎರಡು ಹಸು ಇರುವ ಮನೆಗೆ ಇನ್ನೊಂದು ದಾರಿ ಇದೆ, ಅದು ನಮ್ಮ ಜಿಲ್ಲೆಯಲ್ಲೇ ಬೇರೂರಿದ್ದು. ಬಾಗೇಪಲ್ಲಿ ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ 2005ರಲ್ಲಿ, ಐದು ತಾಲ್ಲೂಕುಗಳ 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟುವ ಯೋಜನೆ ವಿಶ್ವಸಂಸ್ಥೆಯ ಹವಾಮಾನ ವ್ಯವಸ್ಥೆಯಲ್ಲಿ ನೋಂದಣಿಯಾಯಿತು. ಕೋಲಾರದ ಎಸ್‌ಕೆಜಿ ಸಂಘ ಇದೇ ಕೆಲಸಕ್ಕಾಗಿ 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಬೆರಣಿ ತಟ್ಟಿ ಸುಟ್ಟರೆ ಹೊಗೆಯಾಗುವ ಅದೇ ಸಗಣಿ, ತೊಟ್ಟಿಯಲ್ಲಿ ಕೊಳೆತರೆ ನೀಲಿ ಉರಿಯಾಗುತ್ತದೆ, ಉಳಿದ ಬಗ್ಗಡ ಹೊಲಕ್ಕೆ ಗೊಬ್ಬರ. ಹಾಲಿನ ಡೇರಿಗೆ ಹಾಲು ಹಾಕುವ ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದ್ದೆಲ್ಲ ಕೊಟ್ಟಿಗೆಯಲ್ಲೇ ಇದೆ.

ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಹಂಡೆಯ ಒಲೆಯ ಬಾಯಿಯನ್ನು ಬಚ್ಚಲ ಹೊರಗೋಡೆಗೆ ತಿರುಗಿಸಿದೆವು. ಸೌದೆ ಹಾಕುವುದು ಈಗ ಹಿತ್ತಿಲ ಬಯಲಿನಿಂದ, ಹೊಗೆ ಕೊಳವೆಯಿಂದ ಮೇಲೆ. ಸೌದೆಯನ್ನು ಒಂದು ಬೇಸಿಗೆ ಪೂರ್ತಿ ಒಣಗಿಸಿ ಸೀಳಿ ಇಟ್ಟಿದ್ದೇವೆ. ಅಡುಗೆಮನೆಗೆ ಜಾಲಿ ಬಂತು, ಫ್ಯಾನು ಇನ್ನೂ ಬಂದಿಲ್ಲ. ದಾದಿ ಚಳಿಗೆ ಬೆಂಕಿಯ ಮುಂದೆ ಕೂರುವುದನ್ನು ಬಿಟ್ಟು ಪೂರ್ವದ ಜಗುಲಿಯಲ್ಲಿ ಶಾಲು ಹೊದ್ದು ಬಿಸಿಲಿಗೆ ಕೂರುತ್ತಾರೆ. ಸುಮ್ಮನೆ ಕೂರುವುದಿಲ್ಲ, ಬೆಂಕಿಯಷ್ಟು ಹಿತ ಬಿಸಿಲಿಗೆಲ್ಲಿ ಎಂದು ದಿನಾ ಒಂದು ಸಲ ಹೇಳುತ್ತಾರೆ. ಹೋದ ಶ್ವಾಸಕೋಶ ವಾಪಸ್ ಬರುವುದಿಲ್ಲ, ಇರುವುದು ಬೇಗ ಹಾಳಾಗದಂತೆ ನೋಡಿಕೊಳ್ಳಬಹುದು ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ. ಎಳೆದುಕೊಳ್ಳುವ ಔಷಧಿ ದಿನಕ್ಕೆರಡು ಸಲ ತಪ್ಪಿಸುವಂತಿಲ್ಲ.

ಕೂಸು ಹುಟ್ಟಿತು, ಚಿಲ್ಲಾ ಮುಗಿಯಿತು. ಕೋಣೆಯಲ್ಲಿ ಕೆಂಡ ಇಡಲಿಲ್ಲ, ಕಂಬಳಿ ಸಾಕಾಯಿತು. ದಾದಿ ಮಾತ್ರ ಹತ್ತಿಗೆ ಅತ್ತರ್ ಅದ್ದಿ ತೊಟ್ಟಿಲ ಗೂಟಕ್ಕೆ ಕಟ್ಟಿದರು. ತಾಯಿ ಮಗುವಿಗೆ, ದಾದಿಗೆ ಸೊಳ್ಳೆ ಪರದೆ ತಂದಾಯಿತು. ಅಬ್ಬಾ ಮಾತ್ರ ಪರದೆಯೊಳಗೆ ಸೆಕೆ ಎಂದು ಹೊರಕೋಣೆಯಲ್ಲಿ ಇನ್ನೂ ಬತ್ತಿ ಹಚ್ಚಿಕೊಂಡೇ ಮಲಗುತ್ತಿದ್ದಾರೆ. ನಡುವಿನ ಬಾಗಿಲು ಮುಚ್ಚಿ ಮಲಗುತ್ತೇವೆ, ಬೆಳಿಗ್ಗೆ ಅವರ ಕೋಣೆಯ ಕಿಟಕಿ ತೆಗೆದುಬರುವುದು ಈಗ ಸೊಸೆಯ ಮೊದಲ ಕೆಲಸ.